ವಿಡಿಯೊ ಅಲ್ಲೇ ನಿಲ್ಲಿಸಿ, ಕಾರಣ ಕೇಳಿ

ಐಟಿಐ ಎಲೆಕ್ಟ್ರಿಷಿಯನ್ ತರಗತಿಗೆ ಪರದೆ ಬಂತು, ಹುಡುಗರ ಕೈಗೆ ಮೊಬೈಲ್ ಬಂತು, ಕೇಂದ್ರ ಸರ್ಕಾರದ ಭಾರತ್ ಸ್ಕಿಲ್ಸ್ ಪೋರ್ಟಲಿನಲ್ಲಿ ಪಾಠಗಳೂ ಸಿಗುತ್ತಿವೆ. ಆದರೂ ಮೋಟಾರು ಸ್ಟಾರ್ಟರ್ ರಿಪೇರಿಯ ವಿಡಿಯೊವನ್ನು ಮೊದಲಿಂದ ಕೊನೆತನಕ ಓಡಿಸಿ "ಅರ್ಥ ಆಯ್ತಾ?" ಎಂದು ಕೇಳುವ ರೂಢಿ ಹೋಗಿಲ್ಲ. ಎಲ್ಲರೂ ತಲೆ ಆಡಿಸುತ್ತಾರೆ. ಫಾಲ್ಟ್ ಹುಡುಕಿದವನು ವಿಡಿಯೊದೊಳಗಿನ ಮೆಕ್ಯಾನಿಕ್. ಹುಡುಗರಿಗೆ ಕಂಡದ್ದು ಅವನ ಕೈ ಮಾತ್ರ.

ಮೋಟಾರನ್ನು ನೇರವಾಗಿ ಸಪ್ಲೈಗೆ ಜೋಡಿಸುವ ಡಿಒಎಲ್ (ಡೈರೆಕ್ಟ್ ಆನ್ ಲೈನ್) ಸ್ಟಾರ್ಟರನ್ನೇ ನೋಡಿ. ಹಸಿರು ಬಟನ್ ಒತ್ತಿ ಹಿಡಿದಷ್ಟು ಹೊತ್ತು ಮೋಟಾರು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ವಿಡಿಯೊವನ್ನು ಇಲ್ಲೇ ನಿಲ್ಲಿಸಿ. ಯಾವ ಭಾಗದ ಮೇಲೆ ಅನುಮಾನ, ಯಾಕೆ, ಮೀಟರ್ ಎಲ್ಲಿಟ್ಟರೆ ಏನು ತೋರಿಸಬೇಕು: ಪ್ರತಿಯೊಬ್ಬರೂ ಮೂರು ಸಾಲು ಬರೆಯಲಿ. ಕಾಯಿಲ್ ಸುಟ್ಟಿದೆ ಎಂದವನಿಗೆ, ಹಾಗಿದ್ದರೆ ಬಟನ್ ಒತ್ತಿದಾಗ ಕಾಂಟ್ಯಾಕ್ಟರ್ (ಆ ಕಾಯಿಲಿನ ಬಲದಿಂದ ಮೋಟಾರಿಗೆ ಸಪ್ಲೈ ಕೊಡುವ ಸ್ವಿಚ್) ಎಳೆದದ್ದು ಹೇಗೆ ಎಂದು ಕೇಳಿ. ತನ್ನ ಉತ್ತರವನ್ನು ತಾನೇ ಹೊಡೆದುಹಾಕುತ್ತಾನೆ. ಕರೆಂಟು ಮಿತಿ ಮೀರಿದರೆ ಮೋಟಾರು ನಿಲ್ಲಿಸುವ ಓವರ್‌ಲೋಡ್ ರಿಲೇಯ 95–96 ಟರ್ಮಿನಲ್ಲುಗಳ ಕಾಂಟ್ಯಾಕ್ಟ್ ತೆರೆದುಕೊಂಡಿದ್ದರೆ ಮೋಟಾರು ಹೊರಡುತ್ತಲೇ ಇರಲಿಲ್ಲ. ಉಳಿದದ್ದು, ಬಟನ್ ಬಿಟ್ಟ ಮೇಲೂ ಕಾಯಿಲಿಗೆ ಸಪ್ಲೈ ಉಳಿಸುವ 13–14 ಟರ್ಮಿನಲ್ಲುಗಳ ಹೋಲ್ಡಿಂಗ್ ಕಾಂಟ್ಯಾಕ್ಟ್, ಇಲ್ಲವೇ ಅದರ ವೈರು. ಈಗ ವಿಡಿಯೊ ಮುಂದಕ್ಕೆ ಓಡಲಿ. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ ಬಿಡಿ.

ಹೀಗೆ ಯೋಚಿಸಲು ಕಲಿಯದಿದ್ದರೆ ಆಗುವ ನಷ್ಟ ನಮ್ಮ ಕಡೆ ಫೆಬ್ರುವರಿ, ಮಾರ್ಚಿನಲ್ಲಿ ಗೊತ್ತಾಗುತ್ತದೆ. ಚಿಕ್ಕಮಗಳೂರು, ಸಕಲೇಶಪುರದ ರೊಬಸ್ಟಾ ತೋಟಗಳಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಓಡುವ ಹೊತ್ತು. ಮೋಟಾರು ಮತ್ತೆಮತ್ತೆ ಟ್ರಿಪ್ ಆಗುತ್ತದೆ, ಬಂದ ಹುಡುಗ ಎಷ್ಟು ಆಂಪಿಯರಿಗೆ ಟ್ರಿಪ್ ಆಗಬೇಕೆಂದು ಹೊಂದಿಸುವ ರಿಲೇಯ ಡಯಲ್ ಮೇಲಕ್ಕೆ ತಿರುಗಿಸುತ್ತಾನೆ. 7.5 ಎಚ್‌ಪಿ ಮೋಟಾರು 415 ವೋಲ್ಟಿನಲ್ಲಿ ಪೂರ್ಣ ಲೋಡಿಗೆ ಸುಮಾರು 11 ಆಂಪಿಯರ್ ಎಳೆಯುತ್ತದೆ. ಓಡುತ್ತಿರುವಾಗ ಒಂದು ಫೇಸ್ ಹೋದರೆ ಉಳಿದೆರಡರಲ್ಲಿ ಕರೆಂಟು ಸುಮಾರು 1.7 ಪಟ್ಟು, ಅಂದರೆ 19ರ ಹತ್ತಿರ ಏರುತ್ತದೆ. ರಿಲೇ ತನ್ನ ಕೆಲಸ ಮಾಡಿದೆ. ಡಯಲ್ ಏರಿಸಿದರೆ ಸುಡುವುದು ವೈಂಡಿಂಗ್.

ಸರ್ಕಿಟ್ಟನ್ನು ಪರದೆಯ ಮೇಲೆಯೇ ಓಡಿಸಿ ನೋಡುವ ಸಿಮ್ಯುಲೇಟರಿನ ನಿಜವಾದ ಉಪಯೋಗ ಇಲ್ಲಿದೆ: ಮೋಟಾರು ಸುಡದೆ ಫೇಸ್ ಕತ್ತರಿಸಬಹುದು. ಆದರೆ ಕತ್ತರಿಸುವ ಮೊದಲು ಆಂಪಿಯರ್ ಎಷ್ಟಾಗುತ್ತದೆಂದು ಬರೆಸಿ. ಕೆಲವು ಆ್ಯಪ್‌ಗಳು ಬರೀ ಕಂಟ್ರೋಲ್ ಸರ್ಕಿಟ್ (ಬಟನ್, ಕಾಯಿಲ್‌ಗಳ ಭಾಗ) ತೋರಿಸುತ್ತವೆ, ಮೋಟಾರಿನ ಆಂಪಿಯರ್ ತೋರಿಸುವುದಿಲ್ಲ, ಅದನ್ನು ಮೊದಲೇ ನೋಡಿಕೊಳ್ಳಿ. ಎಕ್ಸೆಲ್ ಶೀಟಿನಲ್ಲೂ ಇದೇ ಕ್ರಮ. ಮೂರು ಫೇಸಿನ ನಡುವೆ 410, 400, 378 ವೋಲ್ಟ್ ಇದ್ದರೆ ಸರಾಸರಿ 396, ಸರಾಸರಿಯಿಂದ ಅತಿ ಹೆಚ್ಚಿನ ಅಂತರ 18, ಅಸಮತೋಲನ ಶೇ 4.5. ಫಾರ್ಮುಲಾ ಹಾಕುವ ಮುಂಚೆ ಈ ಮೋಟಾರನ್ನು ಓಡಿಸಬಹುದೇ ಎಂದು ಕೇಳಿ. ವೋಲ್ಟೇಜಿನ ಇಷ್ಟು ಏರುಪೇರು ಕರೆಂಟಿನಲ್ಲಿ ಹಲವು ಪಟ್ಟಾಗಿ ಕಾಣಿಸಿಕೊಳ್ಳುತ್ತದೆ. ಶೇ 4.5 ಅಂದರೆ ಚಿಕ್ಕದೇ ಅಲ್ಲವಾ ಎನ್ನುವ ಹುಡುಗನಿಗೆ ಇದನ್ನೇ ಬಿಡಿಸಿ ಹೇಳಬೇಕು.

ಸಿಮ್ಯುಲೇಟರಿನಲ್ಲಿ ಸ್ಕ್ರೂ ಸಡಿಲವಾಗುವುದಿಲ್ಲ, ಕಾಂಟ್ಯಾಕ್ಟಿಗೆ ಕರಿ ಹಿಡಿಯುವುದಿಲ್ಲ. ಹಾಗಾಗಿ ವರ್ಕ್‌ಶಾಪಿನ ಬೋರ್ಡಿನಲ್ಲೂ ಫಾಲ್ಟ್ ಇಡಬೇಕು. ಎಂಸಿಬಿ ಇಳಿಸಿ, ಸಪ್ಲೈ ಇಲ್ಲವೆಂದು ಮೀಟರಿನಲ್ಲಿ ಖಚಿತಪಡಿಸಿಕೊಂಡು, 13ರ ವೈರನ್ನು ಬಿಚ್ಚಿ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿಡಿ. ಮೊದಲ ಹುಡುಕಾಟ ಸಪ್ಲೈ ಇಲ್ಲದೆ, ಕಂಟಿನ್ಯುಟಿ (ವೈರು ಎಲ್ಲಾದರೂ ಕಡಿದಿದೆಯೇ ಎಂಬುದು) ನೋಡಿಯೇ ಆಗಲಿ. ಲೈವ್ ರೀಡಿಂಗ್ ತೆಗೆಯುವಾಗ ಬೋಧಕರು ಪಕ್ಕದಲ್ಲೇ ನಿಂತಿರಬೇಕು.

ತಪ್ಪು ಊಹೆಗೆ ಅಂಕ ಕಳೆಯಬೇಡಿ, ಅಳಿಸಲೂ ಬಿಡಬೇಡಿ. ಅದರ ಮೇಲೊಂದು ಗೆರೆ ಎಳೆದು, ಯಾವ ರೀಡಿಂಗ್ ನೋಡಿ ಅದನ್ನು ಕೈಬಿಟ್ಟೆ ಎಂದು ಪಕ್ಕದಲ್ಲಿ ಬರೆಯಲಿ. ಅಂಕ ಆ ಸಾಲಿಗೆ ಕೊಡಿ.