ನೆಲ ಒರೆಸುವಾಗ ಪಂಜರವನ್ನು ಪಕ್ಕದ ರೂಮಿಗೆ ಇಟ್ಟರೆ ಸಾಕೆ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರದ ಊರು. ಜೂನ್‌ನಲ್ಲಿ ಮಳೆ ಹಿಡಿದರೆ ಕಿಟಕಿ ತೆಗೆಯುವ ಹಾಗಿಲ್ಲ, ಗೋಡೆಗೆಲ್ಲ ಬೂಷ್ಟು ಹಿಡಿಯುತ್ತದೆ. ದಿನಾ ಫಿನಾಯಿಲ್ ಹಾಕಿ ನೆಲ ಒರೆಸುತ್ತೇವೆ, ವಾರಕ್ಕೊಮ್ಮೆ ಬಚ್ಚಲಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತೇವೆ. ಹಾಲ್‌ನಲ್ಲಿ ಎರಡು ಜೊತೆ ಲವ್ ಬರ್ಡ್ಸ್ ಇವೆ. ಒರೆಸುವಾಗ ಪಂಜರವನ್ನು ಪಕ್ಕದ ರೂಮಿಗೆ ಇಟ್ಟು, ವಾಸನೆ ಹೋದ ಮೇಲೆ ವಾಪಸ್ ತರುತ್ತೇವೆ. ಇಷ್ಟು ಸಾಕೆ?

ಉತ್ತರ: ಸಾಲದು. ಕಿಟಕಿ ಹಾಕಿದ ಮನೆಯಲ್ಲಿ ಪಕ್ಕದ ರೂಮಿನಲ್ಲಿರುವುದೂ ಅದೇ ಗಾಳಿ. ಬಾಟಲಿಯ ಮುಚ್ಚಳ ತೆಗೆಯುವ ಮೊದಲೇ ಪಂಜರ ಮನೆಯಿಂದ ಹೊರಗೆ, ಜಗಲಿಗೆ ಹೋಗಿರಬೇಕು. ನೆಲ ಪೂರ್ತಿ ಒಣಗಿ, ಒಳಗಿನ ಗಾಳಿ ಬದಲಾದ ಮೇಲೆಯೇ ವಾಪಸ್ ಬರಬೇಕು. ವಾಸನೆ ಹೋಯಿತು ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ, ನಮ್ಮ ಮನೆಯಲ್ಲಿ ಒಂದು ಹಕ್ಕಿ ಹೋದದ್ದು ಹೀಗೆಯೇ.

ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಆಗ ಒಂದು ಜೊತೆ ಕಾಕಟೀಲ್ ಇದ್ದವು. ಗೌರಿ ಹಬ್ಬದ ಹಿಂದಿನ ವಾರ, ಹೊರಗೆ ಜಡಿಮಳೆ. ಬಚ್ಚಲ ಟೈಲ್ಸಿನ ಕರೆ ಹೋಗಲೆಂದು ಮೊದಲು ಆಸಿಡ್ ಹಾಕಿ ಉಜ್ಜಿದೆ. ಅದು ಸರಿಯಾಗಿ ತೊಳೆದು ಹೋಗುವ ಮೊದಲೇ ಮೇಲಿಂದ ಬ್ಲೀಚಿಂಗ್ ಪೌಡರ್ ಉದುರಿಸಿದೆ. ಕಣ್ಣು ಉರಿಯಿತು, ಗಂಟಲು ಹಿಡಿಯಿತು, ಕೆಮ್ಮುತ್ತ ಹೊರಗೆ ಬಂದೆ. ಸ್ವಲ್ಪ ಹೊತ್ತು ಕೂತು ಸುಧಾರಿಸಿಕೊಂಡೆ. ಹಕ್ಕಿಗಳು ಎರಡು ಕೋಣೆಯಾಚೆ ಇದ್ದವು, ನಡುವಿನ ಬಾಗಿಲೂ ಹಾಕಿತ್ತು, ಹಾಗಾಗಿ ಅವುಗಳ ಯೋಚನೆಯೇ ಬರಲಿಲ್ಲ. ಆಮೇಲೆ ಹೋಗಿ ನೋಡಿದರೆ ಗಂಡು ಹಕ್ಕಿ ಪಂಜರದ ತಳದಲ್ಲಿ ಕೂತಿತ್ತು. ರೆಕ್ಕೆ ಜೋತುಬಿದ್ದಿತ್ತು, ಕೊಕ್ಕು ತೆರೆದಿತ್ತು, ಒಂದೊಂದು ಉಸಿರಿಗೂ ಬಾಲ ಬೋರ್‌ವೆಲ್ ಪಂಪಿನ ಹಿಡಿಯ ಹಾಗೆ ಮೇಲೆ ಕೆಳಗೆ ಆಡುತ್ತಿತ್ತು. ಸಂಜೆಯಷ್ಟರಲ್ಲಿ ಸತ್ತುಹೋಯಿತು. ಹೆಣ್ಣು ಉಳಿಯಿತು.

ನನಗೆ ಬರೀ ಕೆಮ್ಮು ತರಿಸಿದ ಗಾಳಿ ಅದನ್ನು ಕೊಂದದ್ದು ಹೇಗೆ? ನಮ್ಮ ಶ್ವಾಸಕೋಶ ತಿದಿಯ ಹಾಗೆ ಉಬ್ಬುತ್ತದೆ, ಕುಗ್ಗುತ್ತದೆ. ಎಷ್ಟು ಉಸಿರು ಬಿಟ್ಟರೂ ಒಳಗೆ ಒಂದಷ್ಟು ಹಳೆಯ ಗಾಳಿ ಉಳಿದೇ ಇರುತ್ತದೆ, ಹೊಸ ಗಾಳಿ ಅದರ ಜೊತೆ ಬೆರೆಯುತ್ತದೆ. ಹಕ್ಕಿಯ ಶ್ವಾಸಕೋಶ ಹಾಗೆ ಉಬ್ಬಿ ಕುಗ್ಗುವುದಿಲ್ಲ. ತಿದಿಯ ಕೆಲಸವನ್ನು ಮೈಯೊಳಗೆ ಹರಡಿಕೊಂಡಿರುವ ಗಾಳಿಚೀಲಗಳು ಮಾಡುತ್ತವೆ, ಹೆಚ್ಚಿನ ಹಕ್ಕಿಗಳಲ್ಲಿ ಇವು 9 ಇರುತ್ತವೆ. ಎಳೆದುಕೊಂಡ ಗಾಳಿ ಹಿಂದಿನ ಚೀಲಗಳಿಗೆ ಹೋಗಿ, ಅಲ್ಲಿಂದ ಶ್ವಾಸಕೋಶದ ಸಣ್ಣ ಕೊಳವೆಗಳಲ್ಲಿ ಒಂದೇ ದಿಕ್ಕಿಗೆ ಹರಿದು, ಮುಂದಿನ ಚೀಲಗಳನ್ನು ಸೇರಿ ಹೊರಗೆ ಬರುತ್ತದೆ. ಒಂದು ಗುಕ್ಕು ಗಾಳಿ ಇಷ್ಟು ದಾರಿ ಮುಗಿಸಲು ಎರಡು ಉಸಿರಾಟ ಬೇಕು. ಹೀಗಾಗಿ ಉಸಿರು ಎಳೆಯುವಾಗಲೂ ಬಿಡುವಾಗಲೂ ಶ್ವಾಸಕೋಶದಲ್ಲಿ ಹರಿಯುತ್ತಿರುವುದು ತಾಜಾ ಗಾಳಿಯೇ. ಗಾಳಿಗೂ ರಕ್ತಕ್ಕೂ ನಡುವಿನ ಪೊರೆಯೂ ನಮ್ಮದಕ್ಕಿಂತ ತೀರ ತೆಳು. ಹಾರಲು ಬೇಕಾದಷ್ಟು ಆಮ್ಲಜನಕ ಹಕ್ಕಿಗೆ ಸಿಗುವುದು ಈ ಏರ್ಪಾಡಿನಿಂದ, ಗಾಳಿಯಲ್ಲಿರುವ ವಿಷ ಬೇಗ ಒಳಗೆ ಇಳಿಯುವುದೂ ಇದರಿಂದಲೇ. ನಿಮ್ಮ ಲವ್ ಬರ್ಡ್ಸ್ ಎಂದರೆ ಬಹುಶಃ ಆಸ್ಟ್ರೇಲಿಯಾ ಮೂಲದ ಬಜರಿಗರ್, ನಮ್ಮ ಕಡೆ ಆ ಹೆಸರಿನಲ್ಲಿ ಮಾರುವುದು ಹೆಚ್ಚಾಗಿ ಅವನ್ನೇ. ಅದರ ಮೈತೂಕ 30ರಿಂದ 40 ಗ್ರಾಂ, ಒಂದು ಸಣ್ಣ ನಿಂಬೆಹಣ್ಣಿನಷ್ಟು. ಸುಮ್ಮನೆ ಕೂತಿರುವಾಗಲೂ ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರಾಡುತ್ತದೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಿಗೆ ಕೆನರಿ ಹಕ್ಕಿ ಒಯ್ಯುತ್ತಿದ್ದುದೂ ಇದೇ ಕಾರಣಕ್ಕೆ. ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವಿಜ್ಞಾನಿಯ ಸಲಹೆಯಿಂದ ಬಂದ ಆ ಪದ್ಧತಿ 1986ರವರೆಗೂ ಇತ್ತು. ವಿಷಗಾಳಿ ಮನುಷ್ಯರಿಗೆ ತಟ್ಟುವ ಮೊದಲೇ ಹಕ್ಕಿ ಕೋಲಿನಿಂದ ಕೆಳಗೆ ಬೀಳುತ್ತಿತ್ತು.

ಇನ್ನು ವಾಸನೆಯ ಮಾತು. ಯಾವ ವಾಸನೆಯಾದರೂ ಸ್ವಲ್ಪ ಹೊತ್ತಿಗೆ ನಮ್ಮ ಮೂಗಿಗೆ ಒಗ್ಗಿಹೋಗುತ್ತದೆ. ಫಿನಾಯಿಲ್ ಹಾಕಿ ಒರೆಸಿದವರಿಗೆ ಏನೂ ಅನ್ನಿಸದ ಹೊತ್ತಿನಲ್ಲಿ ಹೊರಗಿನಿಂದ ಬಂದವರು ಬಾಗಿಲಲ್ಲೇ ಮೂಗು ಮುಚ್ಚಿಕೊಳ್ಳುವುದನ್ನು ನೀವೂ ನೋಡಿರುತ್ತೀರಿ. ಹಾಗಾಗಿ ನಾನು ಎರಡು ಸಂಗತಿ ನೋಡುತ್ತೇನೆ. ನೆಲಕ್ಕೆ ಅಂಗೈ ಒತ್ತಿದರೆ ತಂಪು ತೇವ ತಾಗಬಾರದು. ಮನೆಯಿಂದ ಆಚೆ ಹೋಗಿ ಹತ್ತು ನಿಮಿಷ ಬಿಟ್ಟು ಒಳಗೆ ಬಂದಾಗ ಏನೂ ಗೊತ್ತಾಗಬಾರದು. ಮಳೆಗಾಲದಲ್ಲಿ ನೆಲ ಒಣಗಲು ಅರ್ಧ ದಿನವೇ ಬೇಕಾಗಬಹುದು, ಫ್ಯಾನ್ ಹಾಕಿ.

ನಮ್ಮ ಸೀಮೆಯ ಹಳೆಯ ಹೆಂಚಿನ ಮನೆಗಳಲ್ಲಿ ಬಚ್ಚಲೊಲೆಯ ಹೊಗೆ ಕೂಡ ಹೆಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತಿತ್ತು. ಈಗಿನ ಆರ್‌ಸಿಸಿ ಮನೆಗೆ ಸ್ಲೈಡಿಂಗ್ ಕಿಟಕಿ ಎಳೆದರೆ ಗಾಳಿಗೆ ದಾರಿಯೇ ಇಲ್ಲ. ಅಜ್ಜಿಯ ಕಾಲದಲ್ಲಿ ಹೊಗೆಯ ಮನೆಯಲ್ಲೂ ಹಕ್ಕಿ ಬದುಕುತ್ತಿತ್ತಲ್ಲ ಎಂದು ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಎಲ್ಲಕ್ಕಿಂತ ಅಪಾಯ ಎರಡನ್ನು ಬೆರೆಸುವುದು. ಟಾಯ್ಲೆಟ್ ತೊಳೆಯುವ ದ್ರವಗಳಲ್ಲಿ ಹೆಚ್ಚಿನವುಗಳಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಅದು ಬ್ಲೀಚಿಂಗ್ ಪೌಡರಿಗೋ ಬ್ಲೀಚ್ ದ್ರವಕ್ಕೋ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ. ವಿನೆಗರ್, ನಿಂಬೆರಸ ಬೆರೆಸಿದರೂ ಅದೇ ಕಥೆ. ಅಮೋನಿಯಾ ಇರುವ ಗಾಜು ಒರೆಸುವ ದ್ರವದ ಜೊತೆ ಬ್ಲೀಚ್ ಸೇರಿದರೆ ಕ್ಲೋರಮೈನ್ ಎಂಬ ಇನ್ನೊಂದು ವಿಷ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ನೆಲಮಟ್ಟದಲ್ಲಿ ಹರಿದು ಬಾಗಿಲ ಕೆಳಗಿನ ಸಂದಿಯಲ್ಲೂ ಆಚೆ ಹೋಗುತ್ತದೆ. ನಮ್ಮ ಮನೆಯಲ್ಲಿ ಹಾಕಿದ ಬಾಗಿಲು ಕೆಲಸಕ್ಕೆ ಬಾರದೆ ಹೋದದ್ದು ಆಗ ಅರ್ಥವಾಯಿತು. ಇದು ಮನುಷ್ಯರ ಜೀವಕ್ಕೂ ಅಪಾಯ, ಮನೆಯಲ್ಲಿ ಹಕ್ಕಿ ಇಲ್ಲದವರೂ ಹೀಗೆ ಬೆರೆಸಬೇಡಿ.

ಕರಿ ಫಿನಾಯಿಲ್ ಹಕ್ಕಿ ಇರುವ ಮನೆಗೆ ಬೇಡವೇ ಬೇಡ. ಬಿಳಿಯದ್ದು ಪೈನ್ ಎಣ್ಣೆಯದ್ದು, ಗಿಡದಿಂದ ಬಂದದ್ದು, ಏನೂ ಆಗದು ಎನ್ನುತ್ತಾರೆ. ಗಿಡದಿಂದ ಬಂದರೂ ಆವಿ ಆವಿಯೇ. ನೀಲಗಿರಿ ಎಣ್ಣೆ, ಕರ್ಪೂರ, ನುಸಿಗುಳಿಗೆ, ಸಾಂಬ್ರಾಣಿ ಹೊಗೆ, ರೂಮ್ ಫ್ರೆಶ್‌ನರ್ ಎಲ್ಲಕ್ಕೂ ಈ ಮಾತು ಸಲ್ಲುತ್ತದೆ. ಸೊಳ್ಳೆ ಬತ್ತಿ ಹಚ್ಚುವ ಬದಲು ಪಂಜರಕ್ಕೆ ಸೊಳ್ಳೆ ಪರದೆ ಕಟ್ಟಿ. ಚಳಿಗೆಂದು ಮುಚ್ಚಿದ ರೂಮಿನಲ್ಲಿ ಕೆಂಡ ಇಡಬೇಡಿ. ನಾನ್‌ಸ್ಟಿಕ್ ಕಾವಲಿಯನ್ನು ಬರಿದಾಗಿ ಒಲೆಯ ಮೇಲೆ ಮರೆತರೆ, ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದರ ಲೇಪನ ಕೆಟ್ಟು ಏಳುವ ಹೊಗೆ ಹಕ್ಕಿಗಳನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ನಾನು ಕಬ್ಬಿಣದ ಕಾವಲಿಗೇ ಮರಳಿದ್ದೇನೆ.

ಹಾಗಾದರೆ ಮಳೆಗಾಲದಲ್ಲಿ ಮನೆ ಕ್ಲೀನ್ ಮಾಡುವುದು ಹೇಗೆ? ದಿನದ ಒರೆಸುವಿಕೆಗೆ ಬಿಸಿನೀರು, ಪರಿಮಳವಿಲ್ಲದ ಸೋಪು ಧಾರಾಳ ಸಾಕು. ದಿನಾ ಫಿನಾಯಿಲ್ ಹಾಕಲೇಬೇಕು ಎನ್ನುವುದು ಬರೀ ರೂಢಿ. ನೆಲದ ಜಿಡ್ಡು ಹೋಗಲು ಅಡುಗೆ ಸೋಡಾ ಹಾಕಿ ಉಜ್ಜಿ. ಬೂಷ್ಟಿಗೆ, ಬಚ್ಚಲಿಗೆ ಬ್ಲೀಚ್ ಬೇಕೇ ಬೇಕಾದರೆ ಮಳೆ ಹೊಳವಾದ ದಿನವೊಂದನ್ನು ಅದಕ್ಕೆಂದೇ ಇಟ್ಟುಕೊಳ್ಳಿ. ಬೆಳಿಗ್ಗೆಯೇ ಪಂಜರ ಜಗಲಿಗೆ ಹೋಗಲಿ. ಎರಚಲು ಬಡಿಯದ ಮೂಲೆಯಲ್ಲಿ ಎತ್ತರಕ್ಕೆ ತೂಗುಹಾಕಿ, ಮೂರು ಕಡೆ ದಪ್ಪ ಬಟ್ಟೆ ಹೊದಿಸಿ, ಒಂದು ಕಡೆ ತೆರೆದಿಡಿ. ಬೆಕ್ಕಿಗೂ ಕೇರೆ ಹಾವಿಗೂ ಕಾವಲು ಯಾರಾದರೂ ಬೇಕು. ಜಗಲಿ ಇಲ್ಲದವರು ಪಕ್ಕದ ಮನೆಯಲ್ಲಿ ಒಂದು ದಿನದ ಮಟ್ಟಿಗೆ ಬಿಡಬಹುದು.

ಪಂಜರವನ್ನೇ ತೊಳೆಯುವಾಗ ಹಕ್ಕಿಯನ್ನು ಬೇರೆ ಪಂಜರಕ್ಕೆ ಬಿಡಿ. ಮೊದಲು ಒಣ ಹಿಕ್ಕೆಯನ್ನು ನೀರು ಚಿಮುಕಿಸಿ ನೆನೆಸಿ ಕೆರೆದು ತೆಗೆಯಿರಿ, ಒಣದ್ದನ್ನೇ ಕೆರೆದರೆ ಧೂಳು ನಿಮ್ಮ ಮೂಗಿಗೂ ಹೋಗುತ್ತದೆ. ಹಿಕ್ಕೆಯ ಮೇಲೆಯೇ ಬ್ಲೀಚ್ ಸುರಿದರೆ ರೋಗಾಣುವೂ ಸಾಯುವುದಿಲ್ಲ, ಕೆಟ್ಟ ಗಾಳಿಯೂ ಏಳುತ್ತದೆ. ಆಮೇಲೆ ಸೋಪುನೀರು, ಬೇಕೆನಿಸಿದರೆ ಒಂದು ಪಾಲು ಬ್ಲೀಚ್ ದ್ರವಕ್ಕೆ 32 ಪಾಲು ನೀರು ಬೆರೆಸಿ ಅಂಗಳದಲ್ಲೇ ತೊಳೆದು, ಹತ್ತು ನಿಮಿಷ ಬಿಟ್ಟು, ವಾಸನೆ ಪೂರ್ತಿ ಹೋಗುವವರೆಗೆ ಬರೀ ನೀರಿನಲ್ಲಿ ಜಾಲಿಸಿ, ಬಿಸಿಲಿಗೆ ಒಣಗಿಸಿ. ಬಿಸಿಲಿಲ್ಲದ ವಾರವಾದರೆ ಕುದಿಯುವ ನೀರು ಹೊಯ್ದು ಒರೆಸಿಡಿ, ನಾನು ಹಾಗೆಯೇ ಮಾಡುವುದು.

ಹಕ್ಕಿ ಬಾಯಿ ತೆರೆದು ಉಸಿರಾಡುತ್ತಿದ್ದರೆ, ಬಾಲ ಆಡುತ್ತಿದ್ದರೆ, ಪುಕ್ಕ ಕೆದರಿಕೊಂಡು ತಳದಲ್ಲಿ ಕೂತಿದ್ದರೆ, ಉಸಿರಿಗೆ ಕಿಚಕಿಚ ಸದ್ದು ಬಂದರೆ ಆ ಕ್ಷಣವೇ ಹೊರಗಿನ ಗಾಳಿಗೆ ಒಯ್ಯಿರಿ. ಕೈಯಲ್ಲಿ ಹಿಡಿದು ನೀರು ಕುಡಿಸಬೇಡಿ, ಎದೆ ಒತ್ತಿಹಿಡಿದರೆ ಅದಕ್ಕೆ ಉಸಿರಾಡಲು ಆಗುವುದಿಲ್ಲ. ಬೆಚ್ಚಗೆ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಟ್ಟು ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ. ಹಕ್ಕಿ ನೋಡುತ್ತೀರಾ, ಆಮ್ಲಜನಕ ಕೊಡುವ ವ್ಯವಸ್ಥೆ ಇದೆಯೇ ಎಂದು ಮೊದಲೇ ಕೇಳಿ. ಚಿಕ್ಕಮಗಳೂರಿನಿಂದ ಬೇಲೂರು ದಾರಿಯಲ್ಲಿ ಹೋದರೆ ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಅಲ್ಲಿಯೂ ವಿಚಾರಿಸಬಹುದು. ಈ ನಂಬರುಗಳನ್ನು ಇವತ್ತೇ ಬರೆದು ಪಂಜರದ ಪಕ್ಕ ಅಂಟಿಸಿಡಿ. ಯಾವ ಬಾಟಲಿ ಬಳಸಿದಿರೋ ಅದರ ಲೇಬಲ್ಲಿನ ಫೋಟೋ ಜೊತೆಗಿರಲಿ.

ಚೇತರಿಸಿಕೊಂಡ ಹಾಗೆ ಕಂಡರೂ ಮುಂದಿನ ಎರಡು ದಿನ ಕಣ್ಣಿಟ್ಟಿರಿ, ಶ್ವಾಸಕೋಶಕ್ಕೆ ನೀರು ತುಂಬುವುದು ತಡವಾಗಿ ಶುರುವಾಗಬಹುದು. ನಮ್ಮ ಹೆಣ್ಣು ಕಾಕಟೀಲ್ ಆಮೇಲೆ ನಾಲ್ಕು ವರ್ಷ ಬದುಕಿತ್ತು. ಹಾಲ್‌ನಲ್ಲಿ ಒಂದು ಸುತ್ತು ಹಾರಿ ಬಂದು ಕೂತರೆ ಸಾಕು, ಕೊನೆಯವರೆಗೂ ಅದರ ಬಾಲ ಆಡುವುದು ನಿಲ್ಲಲಿಲ್ಲ.