ಲಕ್ಷ ಜನರ ಅಧ್ಯಯನವನ್ನೂ ಅನುಮಾನಿಸಬೇಕಾ?

ಪ್ರಶ್ನೆ: ಲಕ್ಷಗಟ್ಟಲೆ ಜನರ ಮಾಹಿತಿ ಇದ್ದರೆ ಕನ್ಫೌಂಡರ್ ಕಾಟ ತಾನಾಗಿಯೇ ಹೋಗುವುದಿಲ್ಲವೇ?

ಹೋಗುವುದಿಲ್ಲ. ಕನ್ಫೌಂಡರ್ ಅಂದರೆ ಕಾರಣ, ಫಲ ಎರಡರ ಜೊತೆಗೂ ನಂಟಿದ್ದು ಹೋಲಿಕೆಯ ದಾರಿ ತಪ್ಪಿಸುವ ಮೂರನೇ ಅಂಶ. ಈ ಉತ್ತರ ಎಷ್ಟು ಸಲ ಬರೆದರೂ ಪ್ರಶ್ನೆ ಹೊಸ ವೇಷ ಹಾಕಿಕೊಂಡು ಬರುತ್ತಲೇ ಇದೆ. ಹಾಗಾಗಿ ಈ ಸಲ ಲೆಕ್ಕವನ್ನೇ ಮುಂದಿಡುತ್ತೇನೆ.

ಮೂತ್ರಪಿಂಡದ ಕಲ್ಲಿನ ಚಿಕಿತ್ಸೆ ಬಗ್ಗೆ 1986ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಅಂಕಿಗಳಿವು. ದೇಹ ತೆರೆದು ಮಾಡುವ ಆಪರೇಷನ್ 350 ಜನರಲ್ಲಿ 273 ಜನಕ್ಕೆ ಫಲ ಕೊಟ್ಟಿತು, ಅಂದರೆ ಶೇ. 78. ಸಣ್ಣ ರಂಧ್ರದ ಮೂಲಕ ಕಲ್ಲು ತೆಗೆಯುವ ವಿಧಾನ 350ರಲ್ಲಿ 289 ಜನಕ್ಕೆ, ಶೇ. 83. ರಂಧ್ರವೇ ವಾಸಿ ಅನ್ನಿಸುತ್ತದೆ, ಅಲ್ವಾ? ಈಗ ಕಲ್ಲಿನ ಗಾತ್ರ ಕೇಳಿ. ಸಣ್ಣ ಕಲ್ಲಿಗೆ ಆಪರೇಷನ್ ಶೇ. 93, ರಂಧ್ರ ಶೇ. 87. ದೊಡ್ಡ ಕಲ್ಲಿಗೆ ಆಪರೇಷನ್ ಶೇ. 73, ರಂಧ್ರ ಶೇ. 69. ಎರಡು ಕಡೆಯೂ ಆಪರೇಷನ್ನೇ ಮುಂದೆ! ಆಪರೇಷನ್ ಆದವರಲ್ಲಿ 263 ಜನರದ್ದು ದೊಡ್ಡ ಕಲ್ಲು, ರಂಧ್ರದ ಗುಂಪಿನಲ್ಲಿ ಅಂಥವರು ಬರೀ 80. ಕಷ್ಟದ ಕೇಸುಗಳು ಹೆಚ್ಚಾಗಿ ಒಂದೇ ಕಡೆ ಸೇರಿದ್ದವು. ಇಲ್ಲಿ ಕಲ್ಲಿನ ಗಾತ್ರವೇ ಕನ್ಫೌಂಡರ್.

ಈಗ ನಿಮ್ಮ 'ಲಕ್ಷ ಜನ'ಕ್ಕೆ ಬರೋಣ. ಎಲ್ಲ ಅಂಕಿಗಳನ್ನೂ ಸಾವಿರದಿಂದ ಗುಣಿಸಿ. ಪ್ರತಿ ಗುಂಪಿನಲ್ಲೂ ಮೂರೂವರೆ ಲಕ್ಷ ಜನ. ಶೇಕಡಾವಾರು ಒಂದಿಷ್ಟಾದರೂ ಬದಲಾಯಿತೇ? ಇಲ್ಲ. ಗಾತ್ರ ಕೇಳದಿದ್ದರೆ ಅದೇ ತಪ್ಪು ಉತ್ತರ ಗೆಲ್ಲುತ್ತದೆ, ಈಗ ಇನ್ನಷ್ಟು ಧೈರ್ಯದಿಂದ. ಜನ ಜಾಸ್ತಿಯಾದಾಗ ಕಡಿಮೆಯಾಗುವುದು ಆಕಸ್ಮಿಕ ಏರುಪೇರು ಮಾತ್ರ. ಯಾರಿಗೆ ಯಾವ ಚಿಕಿತ್ಸೆ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಿದ್ದರೆ ಮಾತು ಬೇರೆ. ಆಗ ದೊಡ್ಡ ಕಲ್ಲು ಎರಡೂ ಗುಂಪಿಗೆ ಹೆಚ್ಚುಕಡಿಮೆ ಸಮವಾಗಿ ಹಂಚಿಹೋಗುತ್ತದೆ, ಅಲ್ಲಿ ದೊಡ್ಡ ಸಂಖ್ಯೆ ನಿಜವಾಗಿಯೂ ನೆರವಾಗುತ್ತದೆ.

ಹಾಗಾದರೆ ಕಲ್ಲಿನ ಗಾತ್ರದ ಹಾಗೆ ಕೈಗೆ ಸಿಕ್ಕಿದ ಅಂಶಗಳನ್ನೆಲ್ಲ ಹಿಡಿದು ಗುಂಪು ಮಾಡಿ ಹೋಲಿಸಿಬಿಟ್ಟರೆ? ಇದನ್ನು ಯಾರೂ ಕೇಳಿಲ್ಲ. ಆದರೆ ಹೊಸದಾಗಿ ಕಲಿತವರು ಸುಮ್ನೆ ಹಾಗೇ ಮಾಡುತ್ತಾರೆ. ಸಿಗರೇಟು ಸೇದುವ ತಾಯಂದಿರ ಶಿಶುಗಳಲ್ಲಿ ಒಟ್ಟಾರೆ ಸಾವು ಹೆಚ್ಚು. ಆದರೆ ಕಡಿಮೆ ತೂಕದ ಶಿಶುಗಳನ್ನಷ್ಟೇ ಹೋಲಿಸಿದಾಗ ಸೇದುವವರ ಮಕ್ಕಳೇ ಹೆಚ್ಚು ಬದುಕುಳಿದದ್ದು ಕಂಡುಬಂತು! ಸಿಗರೇಟು ಕಾಪಾಡಿತೇ? ಖಂಡಿತ ಇಲ್ಲ. ತಾಯಿ ಸೇದದಿದ್ದರೂ ಮಗುವಿನ ತೂಕ ಕಡಿಮೆಯಿದ್ದರೆ, ಅದಕ್ಕೆ ಹುಟ್ಟಿನಿಂದ ಬಂದ ದೋಷದಂಥ ಇನ್ನೂ ಕೆಟ್ಟ ಕಾರಣ ಇರುವ ಸಾಧ್ಯತೆ ಹೆಚ್ಚು. ಇಲ್ಲಿ ತೂಕ ಕನ್ಫೌಂಡರ್ ಅಲ್ಲ, ಸಿಗರೇಟಿನದೇ ಪರಿಣಾಮ. ಅದನ್ನು ಹಿಡಿದು ಗುಂಪು ಮಾಡಿದ್ದರಿಂದಲೇ ಲೆಕ್ಕ ಕೆಟ್ಟಿತು.