ಊರಿಗೊಂದು ನೀರು, ನೀರಿಗೊಂದು ಫಿಲ್ಟರ್

ಸಕಲೇಶಪುರದ ಕಡೆ ಗುಡ್ಡದ ಒರತೆಯಿಂದ ಪೈಪಿನಲ್ಲಿ ತೋಟದ ಮನೆಗೆ ಇಳಿದು ಬರುವ ನೀರಿಗೆ ಟಿಡಿಎಸ್ ಮೀಟರ್ ಅದ್ದಿದರೆ 50ರ ಆಚೀಚೆ ತೋರಿಸುವುದುಂಟು. ಅದೇ ಹಾಸನ ಜಿಲ್ಲೆಯ ಅರಸೀಕೆರೆ ಬಯಲಿನ ಆಳದ ಬೋರ್‌ವೆಲ್ ನೀರಿಗೆ ಅದ್ದಿದರೆ ಸಾವಿರ ದಾಟುವುದೂ ಉಂಟು. ಚಿಕ್ಕಮಗಳೂರಿನಲ್ಲೂ ಹಾಗೆಯೇ, ಶೃಂಗೇರಿಯ ನೀರೇ ಬೇರೆ, ಕಡೂರಿನ ನೀರೇ ಬೇರೆ. ಆದರೂ ಎರಡೂ ಸೀಮೆಯ ಅಡುಗೆಮನೆ ಗೋಡೆಗೆ ಒಂದೇ ಬಗೆಯ ಆರ್‌ಒ (ರಿವರ್ಸ್ ಆಸ್ಮೋಸಿಸ್, ಅಂದರೆ ಸೂಕ್ಷ್ಮ ಪೊರೆಯ ಮೂಲಕ ನೀರನ್ನು ಒತ್ತಿ ಲವಣ ತೆಗೆಯುವ) ಮಿಷನ್ ನೇತುಬೀಳುತ್ತಿದೆ. ದುಡ್ಡು ಕೊಡುವ ಮೊದಲು ನೀರಿನ ಜಾತಕ ನೋಡಬೇಕು.

ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಲೆಕ್ಕ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ, ಐಎಸ್ 10500, ಲೀಟರಿಗೆ 500 ಮಿಲಿಗ್ರಾಂವರೆಗೆ ಸರಿ ಎನ್ನುತ್ತದೆ. ಬೇರೆ ನೀರೇ ಸಿಗದಿದ್ದರೆ 2000ದವರೆಗೆ ಒಪ್ಪುತ್ತದೆ. ಆದರೆ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನಷ್ಟೇ. ದನ ಇಳಿದು ಕದಡಿದ ಹಳ್ಳದ ನೀರೂ 40 ತೋರಿಸಬಲ್ಲದು. ರೋಗಾಣು ಇದೆಯೇ ಎಂದು ತಿಳಿಯಲು ಎಚ್‌ಟುಎಸ್ ಎಂಬ ಪರೀಕ್ಷಾ ಬಾಟಲಿ ಸಿಗುತ್ತದೆ. ಗುರುತಿನವರೆಗೆ ನೀರು ತುಂಬಿ, ಮುಚ್ಚಳ ಬಿಗಿದು, 24ರಿಂದ 48 ಗಂಟೆ ಬೆಚ್ಚಗಿಟ್ಟಾಗ ಕಪ್ಪಾದರೆ ಆ ನೀರಿಗೆ ಮಲದ ಸೋಂಕು ತಗುಲಿರುವ ಸಂಭವ ಹೆಚ್ಚು. ಮಲೆನಾಡಿನ ಜುಲೈ ಚಳಿಯಲ್ಲಿ ಬಾಟಲಿಯನ್ನು ಕಿಟಕಿ ಪಕ್ಕ ಇಟ್ಟರೆ ಸೂಕ್ಷ್ಮಜೀವಿಗಳು ಬೆಳೆಯುವುದೇ ನಿಧಾನ. ಒಲೆಯ ಹತ್ತಿರ, ಕೈಗೆ ಬೆಚ್ಚಗೆನಿಸುವ ಜಾಗದಲ್ಲಿಡಿ.

ಮಲೆನಾಡಿನ ಮನೆಗೆ ಆರ್‌ಒ ಬೇಡ. ತೆಗೆಯಬೇಕಾದ ಲವಣವೇ ಇಲ್ಲದ ನೀರಿನಿಂದ ಇದ್ದಬದ್ದದ್ದನ್ನೂ ತೆಗೆದು, ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಚರಂಡಿಗೆ ಬಿಡುವ ಯಂತ್ರ ಅದು. ಇಲ್ಲಿನ ತೊಂದರೆಗಳು ಮೂರು: ಮಳೆಗಾಲದ ಕೆಸರು, ರೋಗಾಣು, ಬೋರ್‌ವೆಲ್ ಆದರೆ ಕಬ್ಬಿಣ. ಒರತೆ, ಹಳ್ಳದಂಥ ಮೇಲುನೀರಿಗೆ ಕೆಸರು ತಡೆಯುವ 5 ಮೈಕ್ರಾನಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸೆಡಿಮೆಂಟ್ ಫಿಲ್ಟರ್, ಅದರ ಹಿಂದೆ ಯುವಿ (ನೇರಳಾತೀತ ಕಿರಣದಿಂದ ರೋಗಾಣು ಕೊಲ್ಲುವ ದೀಪ) ಅಥವಾ ಯುಎಫ್ (ರೋಗಾಣು ತಡೆಯುವ ಸಣ್ಣ ರಂಧ್ರಗಳ ಪೊರೆ) ಇದ್ದರೆ ಸಾಕು. ಯುವಿಗೆ ನೀರು ತಿಳಿಯಾಗಿರಲೇಬೇಕು. ಮಣ್ಣಿನ ಕಣದ ನೆರಳಿನಲ್ಲಿ ಅವಿತ ಬ್ಯಾಕ್ಟೀರಿಯಾಕ್ಕೆ ಬೆಳಕು ತಾಗುವುದಿಲ್ಲ. ಇನ್ನೊಂದು ಮಾತು, ಯುವಿ ದೀಪ ನೀಲಿಯಾಗಿ ಉರಿಯುತ್ತಿದೆ ಎಂದ ಮಾತ್ರಕ್ಕೆ ಕೆಲಸ ಮಾಡುತ್ತಿದೆ ಎಂದಲ್ಲ. ಕೊಲ್ಲುವ ಕಿರಣ ಕಣ್ಣಿಗೆ ಕಾಣುವಂಥದ್ದಲ್ಲ, ಸುಮಾರು 8000 ಗಂಟೆ ಉರಿದ ಮೇಲೆ ಅದು ಕುಂದಿರುತ್ತದೆ. ಕರೆಂಟು ಕೈಕೊಟ್ಟ ದಿನ ಕುದಿಸುವುದೇ ದಾರಿ.

ಕಬ್ಬಿಣದ ನೀರು ಮೋಸಗಾರ. ಬೋರಿನಿಂದ ಬಂದಾಗ ಗಾಜಿನಂತೆ ತಿಳಿ. ಕೊಡದಲ್ಲಿ ಒಂದೆರಡು ಗಂಟೆ ಇಟ್ಟರೆ ಕೆಂಪಗೆ ತಿರುಗಿ, ತಳದಲ್ಲಿ ಇಟ್ಟಿಗೆ ಬಣ್ಣದ ಗಸಿ ನಿಲ್ಲುತ್ತದೆ. ಕರಗಿದ್ದ ಕಬ್ಬಿಣ ಗಾಳಿಯ ಆಮ್ಲಜನಕ ಸೇರಿ ತುಕ್ಕಾಗುವುದು ಹೀಗೆ. ಅನುಮಾನವಿದ್ದರೆ ಬಿಳಿ ಬಟ್ಟಲಲ್ಲಿ ಆಗಷ್ಟೇ ಹಿಡಿದ ನೀರಿಗೆ ನಾಲ್ಕು ಹನಿ ಗಟ್ಟಿ ಟೀ ಡಿಕಾಕ್ಷನ್ ಬಿಡಿ. ಕಬ್ಬಿಣ ಜಾಸ್ತಿಯಿದ್ದರೆ ಟೀಯ ಟ್ಯಾನಿನ್ ಜೊತೆ ಸೇರಿ ಶಾಯಿಯ ಹಾಗೆ ನೀಲಿಗಪ್ಪಾಗುತ್ತದೆ. ಇಂಥ ನೀರನ್ನು ನೇರ ಕ್ಯಾಂಡಲ್ ಫಿಲ್ಟರಿಗೆ ಸುರಿದರೆ ವಾರದಲ್ಲೇ ಕ್ಯಾಂಡಲ್ ಕಿತ್ತಳೆ ಬಣ್ಣಕ್ಕೆ ತಿರುಗಿ ಹನಿ ನಿಲ್ಲುತ್ತದೆ. ಎತ್ತರದಿಂದ ಎರಡು ಮೂರು ಸಲ ಕೊಡದಿಂದ ಕೊಡಕ್ಕೆ ಸುರಿದು ಗಾಳಿ ಸೇರಿಸಿ, ರಾತ್ರಿಯಿಡೀ ನಿಲ್ಲಿಸಿ, ತಳ ಕಲಕದಂತೆ ಮೇಲಿನ ನೀರನ್ನು ಮಾತ್ರ ನಾಲ್ಕು ಮಡಿಕೆಯ ಹತ್ತಿಬಟ್ಟೆಯಲ್ಲಿ ಸೋಸಿ ಆಮೇಲೆ ಫಿಲ್ಟರಿಗೆ ಹಾಕಿ.

ಸ್ಟೀಲ್ ಕ್ಯಾಂಡಲ್ ಫಿಲ್ಟರ್ ಹಳೆಯದೆಂದು ಅಟ್ಟಕ್ಕೆ ಏರಿಸಬೇಡಿ. ಕ್ಯಾಂಡಲನ್ನು ಹರಿಯುವ ನೀರಿನಡಿ ಹೀರೇಕಾಯಿ ನಾರಿನಿಂದ ಮೆಲ್ಲಗೆ ಉಜ್ಜಿದರೆ ಬಿಳಿ ಮೈ ಮತ್ತೆ ಕಾಣುತ್ತದೆ. ಸೋಪು ಬೇಡ, ಅದು ರಂಧ್ರದೊಳಗೆ ಕೂರುತ್ತದೆ. ಕಾದ ಕ್ಯಾಂಡಲಿಗೆ ತಣ್ಣೀರು ಬಿದ್ದರೆ ಕೂದಲೆಳೆಯ ಸೀಳು ಬಿಡುತ್ತದೆ. ಸೀಳಿದೆಯೇ ಎಂದು ನೋಡಲು, ಚೆನ್ನಾಗಿ ನೆನೆದ ಕ್ಯಾಂಡಲನ್ನು ನೀರಿನೊಳಗೆ ಮುಳುಗಿಸಿ ಅದರ ಕೊಳವೆಯಿಂದ ಊದಿ. ಒಂದೇ ಜಾಗದಿಂದ ಗುಳ್ಳೆಗಳ ಸಾಲು ಎದ್ದರೆ ಎಸೆಯಿರಿ. ಎಷ್ಟೋ ಮನೆಗಳಲ್ಲಿ ಕ್ಯಾಂಡಲ್ ಸರಿಯಿದ್ದು ಬುಡದ ರಬ್ಬರ್ ವಾಷರ್ ಸವೆದಿರುತ್ತದೆ. ಸೋಸದ ನೀರು ಆ ಸಂದಿಯಿಂದಲೇ ಕೆಳಗಿಳಿಯುತ್ತದೆ. ನೀರು ಇದ್ದಕ್ಕಿದ್ದಂತೆ ಬೇಗ ತುಂಬತೊಡಗಿದರೆ ಖುಷಿಪಡದೆ ವಾಷರ್ ನೋಡಿ. ಕ್ಯಾಂಡಲ್ ಬ್ಯಾಕ್ಟೀರಿಯಾವನ್ನು ಬಹುಮಟ್ಟಿಗೆ ತಡೆದರೂ ಕಾಮಾಲೆ ತರುವ ಹೆಪಟೈಟಿಸ್ ವೈರಸ್ ಅದಕ್ಕಿಂತ ಎಷ್ಟೋ ಸಣ್ಣದು. ಊರಲ್ಲಿ ಕಾಮಾಲೆ ಇದ್ದಾಗ ಕುದಿಸಿಯೇ ಕುಡಿಯಬೇಕು.

ಬಯಲುಸೀಮೆಯ ಕಡೆ ಆರ್‌ಒಗೆ ಅರ್ಥವಿದೆ. ಅರಸೀಕೆರೆ, ಕಡೂರು ಕಡೆಯ ಹಲವು ಬೋರ್‌ವೆಲ್‌ಗಳಲ್ಲಿ ಗಡಸುತನದ ಜೊತೆ ಫ್ಲೋರೈಡೂ ಇದೆ. ಮಿತಿ ಲೀಟರಿಗೆ 1 ಮಿಲಿಗ್ರಾಂ, ಅನಿವಾರ್ಯವಾದರೆ 1.5. ಮೀರಿದರೆ ಮಕ್ಕಳ ಹಲ್ಲಿಗೆ ಕಂದು ಕಲೆ, ವರ್ಷಗಟ್ಟಲೆ ಹೆಚ್ಚಿನ ಪ್ರಮಾಣದಲ್ಲಿ ಕುಡಿದರೆ ಮೂಳೆಗೂ ಹೊಡೆತ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಗಟ್ಟಿಯಾಗುತ್ತದೆ. ಕ್ಯಾಂಡಲ್, ಯುವಿಗಳಿಂದಲೂ ಆಗದು.

ಆರ್‌ಒ ಸರಿಯಿದೆಯೇ ಎಂದು ನೋಡುವ ಲೆಕ್ಕ ಸುಲಭ. ಒಳಹೋಗುವ ನೀರಿನ ಟಿಡಿಎಸ್ 1100, ಹೊರಬರುವುದರದ್ದು 90 ಆದರೆ ಮೆಂಬ್ರೇನ್, ಅಂದರೆ ಒಳಗಿನ ಪೊರೆ, ಲವಣವನ್ನು ಶೇ. 92ರಷ್ಟು ತಡೆಯುತ್ತಿದೆ. ಹೊರಬರುವುದು 250 ಮುಟ್ಟಿದರೆ ಶೇ. 77ಕ್ಕೆ ಇಳಿದಂತೆ, ಬದಲಿಸುವ ಹೊತ್ತು. ಅಳೆಯುವ ಮುನ್ನ ರುಚಿಗೆಂದು ಕಚ್ಚಾ ನೀರು ಬೆರೆಸುವ ಟಿಡಿಎಸ್ ಕಂಟ್ರೋಲರ್ ಮುಚ್ಚಿ. ಅದು ತೆರೆದಿದ್ದರೆ ಲೆಕ್ಕ ತಪ್ಪುವುದಷ್ಟೇ ಅಲ್ಲ, ಫ್ಲೋರೈಡ್ ಕೂಡ ಲೋಟಕ್ಕೆ ಬರುತ್ತದೆ. ಮೊದಲ ಸೆಡಿಮೆಂಟ್ ಫಿಲ್ಟರನ್ನು ಮೂರರಿಂದ ಆರು ತಿಂಗಳಿಗೆ ಬದಲಿಸಿ. ಕಾರ್ಬನ್ ಫಿಲ್ಟರನ್ನು ಉಳಿತಾಯಕ್ಕೆಂದು ಮುಂದೂಡಬೇಡಿ. ನಲ್ಲಿನೀರಿನ ಕ್ಲೋರಿನ್ ಮೆಂಬ್ರೇನನ್ನು ತಿಂದುಹಾಕದಂತೆ ಕಾಯುವುದು ಅದೇ. ವೇಸ್ಟ್ ಪೈಪಿನಲ್ಲಿ ನೀರು ತೀರಾ ಕಡಿಮೆಯಾದರೆ ಆ ಹರಿವನ್ನು ಹಿಡಿತದಲ್ಲಿಡುವ ಫ್ಲೋ ರಿಸ್ಟ್ರಿಕ್ಟರ್ ಎಂಬ ಬಿಡಿಭಾಗ ಕಟ್ಟಿಕೊಂಡಿರುತ್ತದೆ. ಆಗ ಹೊರಹೋಗಬೇಕಾದ ಲವಣ ಒಳಗೇ ಸುಣ್ಣಗಟ್ಟಿ ಮೆಂಬ್ರೇನ್ ಸಾಯುತ್ತದೆ. ವೇಸ್ಟ್ ನೀರು ನೆಲ ಒರೆಸಲು, ಕಕ್ಕಸಿಗೆ ಆಗುತ್ತದೆ. ಕುಂಡದ ಗಿಡಕ್ಕೆ ದಿನಾ ಹಾಕಿದರೆ ಮಣ್ಣು ಉಪ್ಪಾಗುತ್ತದೆ. ಊರಿಗೆ ಹೋಗಿ ವಾರ ಬಿಟ್ಟು ಬಂದರೆ ಟ್ಯಾಂಕಿನ ನೀರು ಪೂರ್ತಿ ಚೆಲ್ಲಿ.

ಮುಳ್ಳಯ್ಯನಗಿರಿ, ಕುದುರೆಮುಖದ ಕಡೆ ನಡೆಯುವವರಿಗೆ 0.1 ಮೈಕ್ರಾನಿನ ಹಾಲೋ ಫೈಬರ್ (ಟೊಳ್ಳು ಎಳೆಗಳ) ಫಿಲ್ಟರ್ ಹಗುರ, ಒಳ್ಳೆಯದು. ಅದು ಬ್ಯಾಕ್ಟೀರಿಯಾ ಮತ್ತು ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಎಂಬ ಪರಾವಲಂಬಿ ಜೀವಿಯನ್ನು ತಡೆಯುತ್ತದೆ, ಕೀಟನಾಶಕ ತಡೆಯುವುದಿಲ್ಲ. ಆದ್ದರಿಂದ ಕಾಫಿ ತೋಟದ ಕೆಳಗಿನ ಹಳ್ಳದಲ್ಲಿ ತುಂಬಿಕೊಳ್ಳಬೇಡಿ, ಅದರಲ್ಲೂ ಡಿಸೆಂಬರ್‌ನಿಂದ ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ಸುಲಿದು ತೊಳೆಯುವ ಕೆಲಸ) ನಡೆಯುವ ದಿನಗಳಲ್ಲಿ. ತೋಟಕ್ಕಿಂತ ಮೇಲೆ, ಶೋಲಾ ಕಾಡಿನಿಂದ ಇಳಿಯುವ ನೀರು ಹಿಡಿಯಿರಿ. ವೈರಸ್ಸಿಗೆ ಸೋಸಿದ ಮೇಲೆ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಕಾಯಿರಿ, ನೀರು ತಣ್ಣಗಿದ್ದರೆ ಇನ್ನೂ ಹೆಚ್ಚು. ಕುದಿಸುವುದಾದರೆ ಮುಳ್ಳಯ್ಯನಗಿರಿಯ ಸುಮಾರು 1930 ಮೀಟರ್ ಎತ್ತರದಲ್ಲಿ ನೀರು 94 ಡಿಗ್ರಿಯ ಹತ್ತಿರವೇ ಕುದಿಯುತ್ತದೆ, ಆದರೂ ಕೊತಕೊತ ಒಂದು ನಿಮಿಷ ಸಾಕು.

ದಾರಿಯಲ್ಲಿ ಹರಿವು ನಿಧಾನವಾದರೆ ಸಿರಿಂಜಿನಲ್ಲಿ ಶುದ್ಧ ನೀರು ತುಂಬಿ ಹಿಮ್ಮುಖವಾಗಿ ಜೋರಾಗಿ ಒತ್ತಿ. ಫಿಲ್ಟರ್ ಕಲ್ಲಿನ ಮೇಲೆ ಬಿದ್ದರೆ ಒಳಗಿನ ಎಳೆ ಮುರಿದದ್ದು ಕಾಣುವುದಿಲ್ಲ. ಪೂರ್ತಿ ನೆನೆಸಿ ಬಾಯಿಂದ ಊದಿ ನೋಡಿ. ಸರಿಯಿರುವ ಒದ್ದೆ ಎಳೆ ಗಾಳಿ ಬಿಡುವುದಿಲ್ಲ. ಉಸಿರು ಸಲೀಸಾಗಿ ಆಚೆ ಹೋಯಿತೆಂದರೆ ಆ ಫಿಲ್ಟರಿನಿಂದ ಮತ್ತೆ ಕುಡಿಯಬೇಡಿ.